ಮೂರು ಸೀರೆಗೆ ನಾಲ್ಕೂವರೆ ಎಕರೆ

ರಾಯಚೂರು ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ತಾಲ್ಲೂಕುಗಳ ತಹಶೀಲ್ದಾರರಿಗೆ, ಉಪ ನೋಂದಣಾಧಿಕಾರಿಗಳಿಗೆ, ಊರೂರಿನ ಗ್ರಾಮ ಆಡಳಿತ ಅಧಿಕಾರಿಗಳಿಗೆ, ಹಾಗೂ ಇದನ್ನು ಅರ್ಧ ಓದಿ ಮಡಚಿಡಲಿರುವ ನನ್ನಂಥ ಅಣ್ಣತಮ್ಮಂದಿರಿಗೆ,

ನಮಸ್ಕಾರ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಪ್ರತಿ ಮಾರ್ಚ್ 8ರಂದು ಶಾಲೆಯಲ್ಲಿ ಮಹಿಳಾ ದಿನದ ಭಾಷಣ ನನ್ನ ಪಾಲಿಗೇ ಬರುತ್ತಿತ್ತು. ಚೆನ್ನಾಗಿಯೇ ಮಾಡುತ್ತಿದ್ದೆ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅದೇ ವರ್ಷಗಳಲ್ಲಿ ನನ್ನ ಅಕ್ಕ ಮತ್ತು ಇಬ್ಬರು ತಂಗಿಯರ ಪಾಲಿನ ಗದ್ದೆಯನ್ನು ನನ್ನ ಹೆಸರಿಗೂ ತಮ್ಮನ ಹೆಸರಿಗೂ ಬರೆಸಿಕೊಂಡೆ. ಹೀಗಾಗಿ ಈ ಪತ್ರದಲ್ಲಿ ಕಂದಾಯ ಇಲಾಖೆಯ ಮೇಲೆ ಎಷ್ಟು ದೂರುಗಳಿವೆಯೋ ಅಷ್ಟೇ ನನ್ನ ಮೇಲೂ ಇವೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಮ್ಮ ಅಪ್ಪ ಸ್ವಂತ ದುಡಿಮೆಯಿಂದ ಕೊಂಡದ್ದು ಒಂಬತ್ತು ಎಕರೆ. ಅವರು 2007ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಹಿಂದೆ ಉಳಿದವರು ಅವ್ವ, ಅಕ್ಕ, ನಾನು, ಇಬ್ಬರು ತಂಗಿಯರು, ತಮ್ಮ. ಒಟ್ಟು ಆರು ಜನ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಬಂದದ್ದು 2005ರ ತಿದ್ದುಪಡಿಯಿಂದ ಎಂದು ಬಹಳ ಜನ ತಿಳಿದಿದ್ದಾರೆ. ಆ ತಿದ್ದುಪಡಿ ಬಂದದ್ದು ಪಿತ್ರಾರ್ಜಿತ ಆಸ್ತಿಗಾಗಿ. ಕರ್ನಾಟಕವಂತೂ ಅದಕ್ಕೂ ಮೊದಲೇ, 1994ರಲ್ಲಿ, ಆ ಹೊತ್ತಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಅದರಲ್ಲಿ ಹಕ್ಕು ಕೊಟ್ಟಿತ್ತು. ತಂದೆಯೇ ಗಳಿಸಿದ ಸ್ವಯಾರ್ಜಿತ ಆಸ್ತಿಯ ಮಾತು ಬೇರೆ. ಅವನು ಉಯಿಲಿಲ್ಲದೆ ಸತ್ತರೆ ಹೆಂಡತಿಗೂ ತಾಯಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಒಂಬತ್ತನ್ನು ಆರರಿಂದ ಭಾಗಿಸಿದರೆ ಒಂದೂವರೆ. ಐದನೆಯ ತರಗತಿಯ ಲೆಕ್ಕ. ಗಣಿತದ ಮೇಷ್ಟ್ರಿಗೆ ಅದು ಬರುವುದಿಲ್ಲವೆಂದು ಹೇಳಿದರೆ ಯಾರೂ ನಂಬುವುದಿಲ್ಲ.

2008ರಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ಜೀಪು ಮಾಡಿಕೊಂಡು ಎಲ್ಲರೂ ನೋಂದಣಿ ಕಚೇರಿಗೆ ಹೋದೆವು. ಹಕ್ಕು ಬಿಡುಗಡೆ ಪತ್ರವನ್ನು ಪತ್ರ ಬರಹಗಾರರು ಮೊದಲೇ ಟೈಪು ಮಾಡಿಸಿಟ್ಟಿದ್ದರು. ಅದನ್ನು ಯಾರೂ ಓದಿ ಹೇಳಲಿಲ್ಲ. ಎಷ್ಟು ಎಕರೆ, ಎಷ್ಟು ಬೆಲೆ ಎಂದು ಅಕ್ಕತಂಗಿಯರು ಕೇಳಲಿಲ್ಲ. ಕೇಳುವುದು ತವರಿಗೆ ಅವಮಾನ ಎಂಬಂತೆ ಮೂವರೂ ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಿದ್ದರು. ದೊಡ್ಡ ತಂಗಿ ಶಾಲೆಗೆ ಹೋದವಳಲ್ಲ. ನಾನು ಶಾಲೆಗೆ ಹೋಗುವಾಗ ಅವಳು ಚಿಕ್ಕವಳನ್ನು ಸೊಂಟದ ಮೇಲೆ ಹೊತ್ತು ಮನೆಯಲ್ಲಿರುತ್ತಿದ್ದಳು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಾಲದಲ್ಲಿ, ಎರಡು ಮಕ್ಕಳ ತಾಯಿಯಾದ ಮೇಲೆ, ರಾತ್ರಿ ಶಾಲೆಯಲ್ಲಿ ಕುಳಿತು ತನ್ನ ಹೆಸರು ಬರೆಯುವುದನ್ನು ಕಲಿತಿದ್ದಳು. ಹೆಬ್ಬೆಟ್ಟು ಒತ್ತುವುದಿಲ್ಲ, ಸಹಿ ಮಾಡುತ್ತೇನೆ ಎಂದು ಅಂದು ಹಟ ಹಿಡಿದಳು. ಒಂದೊಂದೇ ಅಕ್ಷರವನ್ನು ಬರೆದು, ಕೊನೆಗೆ ಹೆಸರಿನ ಕೆಳಗೆ ಒಂದು ಗೆರೆಯನ್ನೂ ಎಳೆದಳು. ಗುಮಾಸ್ತರು ಬೇಗ ಬೇಗ ಎಂದು ಗದರಿದರು. ನಾನು ಹೆಮ್ಮೆಯಿಂದ ನೋಡುತ್ತಾ ನಿಂತಿದ್ದೆ. ಕಲಿತ ಅಕ್ಷರದಿಂದ ಅವಳು ಮಾಡಿದ ಮೊದಲ ದೊಡ್ಡ ಕೆಲಸ ತನ್ನ ಒಂದೂವರೆ ಎಕರೆಯನ್ನು ಕಳೆದುಕೊಂಡದ್ದು ಎಂಬುದು ನನಗೆ ಹೊಳೆಯಲು ಹದಿನೈದು ವರ್ಷ ಬೇಕಾಯಿತು.

ಹೊರಗೆ ಬಂದು ಎದುರಿನ ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ, ಚಹಾ. ಊರಿಗೆ ಬಂದ ಮೇಲೆ ಮೂವರಿಗೂ ಇಳಕಲ್ ಸೀರೆ, ಕುಬಸದ ಖಣ, ಉಡಿ. ಅವ್ವನಿಗೆ ಏನನ್ನೂ ಕೊಡಲಿಲ್ಲ. ಅವಳು ನಮ್ಮ ಜೊತೆಯಲ್ಲಿಯೇ ಇರುವವಳಲ್ಲವೇ, ಅವಳಿಗೇಕೆ ಎಂದುಕೊಂಡೆವು. ಅವಳ ಒಂದೂವರೆ ಎಕರೆ ಲೆಕ್ಕಕ್ಕೇ ಬರಲಿಲ್ಲ.

ಯಾರೂ ಅವರನ್ನು ಹೆದರಿಸಿರಲಿಲ್ಲ, ಹೊಡೆದಿರಲಿಲ್ಲ. ಸ್ವಂತ ಇಚ್ಛೆಯಿಂದ ಎಂದು ಪತ್ರದಲ್ಲಿ ಬರೆದಿತ್ತು. ನಮ್ಮ ಕಡೆ ಆ ಇಚ್ಛೆ ಹೇಗೆ ಹುಟ್ಟುತ್ತದೆ ಎಂಬುದನ್ನು ಬೇರೆ ಜಿಲ್ಲೆಗಳಿಂದ ವರ್ಗವಾಗಿ ಬಂದ ಅಧಿಕಾರಿಗಳು ತಿಳಿದುಕೊಳ್ಳಬೇಕು. ಶ್ರಾವಣದಲ್ಲಿ ನಾಗರ ಪಂಚಮಿ ಬರುತ್ತದೆ. ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆದುಕೊಂಡು ಬರಬೇಕು. ಉಂಡೆ, ಜೋಕಾಲಿ, ನಾಲ್ಕು ದಿನದ ನಿದ್ದೆ. ಗಂಡನ ಮನೆಯಲ್ಲಿ ವರ್ಷವಿಡೀ ದುಡಿಯುವ ಹೆಂಗಸಿಗೆ ತನ್ನದೆಂದು ಸಿಗುವುದು ಆ ನಾಲ್ಕು ದಿನ. ಕರೆಯಲು ಯಾರೂ ಬಾರದ ಹೆಂಗಸನ್ನು ಓಣಿಯ ಜನ ನೋಡುವ ರೀತಿಯೇ ಬೇರೆ. ಪಾಲು ಕೇಳಿದವಳಿಗೆ ಪಂಚಮಿಯ ಕರೆ ನಿಲ್ಲುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದೆ. ಹೊಲ ಬೇಕೋ ತವರು ಬೇಕೋ ಎಂಬ ಪ್ರಶ್ನೆಯನ್ನು ಗಂಡುಮಕ್ಕಳಿಗೆ ಯಾರೂ ಹಾಕುವುದಿಲ್ಲ. ನಮಗೆ ಎರಡೂ ಸಿಗುತ್ತವೆ.

ಗಂಡಸಿನ ಕೆಲಸ ಬೇರೆ, ಹೆಂಗಸಿನ ಕೆಲಸ ಬೇರೆ ಎಂದು ವಾದಿಸುವವರೊಡನೆ ಜಗಳವಾಡುವ ಉಮೇದು ನನಗಿಲ್ಲ. ಬೇರೆಯೇ ಇರಲಿ. ನಮ್ಮ ಕಡೆ ಹೆಣ್ಣು ನೇಗಿಲು ಮುಟ್ಟಬಾರದು ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಒಣಭೂಮಿಯಲ್ಲಿ ಜೋಳ ಬಿತ್ತುವಾಗ ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಸಮನಾಗಿ ಬೀಜ ಬಿಡುತ್ತಿದ್ದವರು ಹೆಂಗಸರು. ಎತ್ತು ಹೊಡೆಯುವುದನ್ನು ಯಾರು ಬೇಕಾದರೂ ಕಲಿಯಬಹುದು, ಬೀಜ ಬಿಡಲು ಕೈ ಕುದುರಬೇಕು ಎಂದು ನಮ್ಮ ಅಪ್ಪನೇ ಹೇಳುತ್ತಿದ್ದರು. ಈಗ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ. ಗದ್ದೆ ಕೊಯ್ಯಲು ಯಂತ್ರ ಬರುತ್ತದೆ. ಗಂಡಸಿನ ಕೆಲಸವೆಂದು ಹೆಸರಾದವುಗಳಲ್ಲಿ ಮುಕ್ಕಾಲು ಪಾಲನ್ನು ಯಂತ್ರ ತೆಗೆದುಕೊಂಡಿದೆ. ನಾಟಿ, ಕಳೆ ಕೀಳುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು ಇವೆಲ್ಲ ಬೆನ್ನು ಬಾಗಿಸುವ ಕೆಲಸಗಳು. ಹೆಚ್ಚಾಗಿ ಹೆಂಗಸರ ಕೈಯಲ್ಲಿಯೇ ಉಳಿದಿವೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಟಂಟಂ ಗಾಡಿಯಲ್ಲಿ ಕುರಿಗಳಂತೆ ತುಂಬಿಕೊಂಡು ಹೋಗುವವರನ್ನು ನಿಮ್ಮ ಜೀಪಿನ ಗಾಜಿನಿಂದ ನೀವೂ ನೋಡಿರುತ್ತೀರಿ. ಗಂಡಾಳಿನ ಕೂಲಿ ಒಂದು, ಹೆಣ್ಣಾಳಿನ ಕೂಲಿ ಇನ್ನೊಂದು. 1976ರಲ್ಲಿಯೇ ಸಮಾನ ವೇತನ ಕಾಯ್ದೆ ಬಂದಿದೆ ಎಂದು ಕಟ್ಟೆಯ ಮೇಲೆ ಕುಳಿತವರಿಗೆ ಹೇಳಿ ನೋಡಿದೆ. ಅದು ಪಟ್ಟಣದ ಕಾಯ್ದೆ ಇರಬೇಕು ಬಿಡಿ ಮೇಷ್ಟ್ರೇ ಎಂದರು.

ಬೆವರು ಯಾರದು ಎಂದು ಹೊಲಕ್ಕೆ ಗೊತ್ತಿರುತ್ತದೆ, ಪಹಣಿಗೆ ಗೊತ್ತಿರುವುದಿಲ್ಲ. ಪಹಣಿಯ 9ನೆಯ ಕಾಲಮ್ಮಿನಲ್ಲಿ ಒಡೆಯನ ಹೆಸರು ಗಂಡಸಿನದು. ಸಾಗುವಳಿದಾರನ ಹೆಸರಿರಬೇಕಾದ 12ನೆಯ ಕಾಲಮ್ಮಿನಲ್ಲಿಯೂ ಬಹುಪಾಲು ಅವನದೇ. 2015-16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದಲ್ಲಿ ಮಹಿಳೆಯರು ನಡೆಸುವ ಹಿಡುವಳಿಗಳು ನೂರರಲ್ಲಿ ಹದಿನಾಲ್ಕರ ಆಸುಪಾಸು. ಪಹಣಿ ಇಲ್ಲದವನು ಕಚೇರಿಯ ಬಾಗಿಲಲ್ಲಿ ರೈತನಲ್ಲ. ರೈತನೆಂದು ನೋಂದಾಯಿಸಿ ಸರ್ಕಾರ ಕೊಡುವ ಫ್ರೂಟ್ಸ್ ಸಂಖ್ಯೆ, ಬೆಳೆ ಸಾಲ, ಕಿಸಾನ್ ಸಮ್ಮಾನ್‌ನ ವರ್ಷಕ್ಕೆ 6,000 ರೂಪಾಯಿ, ಬೆಳೆ ಹಾನಿಯ ಪರಿಹಾರ, ಎಲ್ಲಕ್ಕೂ ಆ ಒಂದು ಹಾಳೆ ಬೇಕು. ವಿಚಿತ್ರವೆಂದರೆ ರೇಷನ್ ಕಾರ್ಡಿನ ವಿಷಯದಲ್ಲಿ ಸರ್ಕಾರಕ್ಕೆ ಈ ತೊಡಕು ಕಾಣಲೇ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಹದಿನೆಂಟು ತುಂಬಿದ ಹಿರಿಯ ಹೆಂಗಸೇ ಮನೆಯ ಮುಖ್ಯಸ್ಥೆ ಎಂದು ಬರೆದುಬಿಟ್ಟಿತು. ಅದೇ ಕಾರ್ಡು ಹಿಡಿದು 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಯಜಮಾನಿಯ ಖಾತೆಗೆ ಬರುತ್ತಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಅಕ್ಕಿಗೆ ಯಜಮಾನಿಯಾದವಳು ಅಕ್ಕಿ ಬೆಳೆಯುವ ಗದ್ದೆಗೆ ಏನೂ ಅಲ್ಲದವಳು ಹೇಗಾಗುತ್ತಾಳೆ ಎಂಬುದನ್ನು ನನಗೆ ಯಾರಾದರೂ ಬಿಡಿಸಿ ಹೇಳಬೇಕು.

ಇನ್ನು ಸಾಲದ ಮಾತು. ಇಲ್ಲಿ ಮಾತ್ರ ಹೆಂಗಸಿನ ಹೆಸರಿಗೆ ಎಲ್ಲಿಲ್ಲದ ಬೇಡಿಕೆ. ದೊಡ್ಡ ತಂಗಿಯ ಗಂಡ ಕೆಲವು ವರ್ಷಗಳ ಹಿಂದೆ ತೀರಿಕೊಂಡ. ಹೊಲ ಇನ್ನೂ ಮಾವನ ಹೆಸರಿನಲ್ಲಿತ್ತು. ಅದನ್ನು ಮೈದುನರು ಉಳುತ್ತಿದ್ದಾರೆ. ಇವಳು ಬೇರೆಯವರ ನಾಲ್ಕು ಎಕರೆಯನ್ನು ಗುತ್ತಿಗೆಗೆ ಹಿಡಿದು ಹತ್ತಿ ಬೆಳೆಯುತ್ತಾಳೆ. ಪಹಣಿ ಇದ್ದ ನನಗೆ ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತದೆ. 2023ರಿಂದ ಅದರ ಮಿತಿ 5 ಲಕ್ಷ ರೂಪಾಯಿ. ಪಹಣಿ ಇಲ್ಲದ ಅವಳಿಗೆ ಮೈಕ್ರೋ ಫೈನಾನ್ಸ್ ಸಾಲ. ಅದಕ್ಕೆ ಜಮೀನಿನ ಕಾಗದ ಬೇಡ, ಹೆಂಗಸರ ಗುಂಪು ಸಾಕು. ವಾರ ಬಂತೆಂದರೆ ಕಂತು. ಕೊರಳಲ್ಲಿದ್ದ ಬೋರಮಾಳ ಗೊಬ್ಬರದಂಗಡಿಯ ಬಾಕಿಗೆ ಒತ್ತೆ ಹೋಗಿದೆ. ಒಂದು ವರ್ಷ ಬೆಳೆ ಕೈಕೊಟ್ಟಾಗ ಪರಿಹಾರದ ಹಣ ಬಂದದ್ದು ಹೊಲದ ಮಾಲೀಕನ ಖಾತೆಗೆ. ಅವನು ಬಿತ್ತಿರಲಿಲ್ಲ, ಕಳೆ ಕಿತ್ತಿರಲಿಲ್ಲ, ಆ ವರ್ಷ ಊರಲ್ಲಿಯೇ ಇರಲಿಲ್ಲ. ಕಾಗದದ ಪ್ರಕಾರ ನಷ್ಟವಾದದ್ದು ಅವನಿಗೆ. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಒಳ್ಳೆಯದೇ. ಆದರೆ ಈ ಹೆಂಗಸರು ವಾರದ ಸಾಲದ ಬಾಗಿಲಿಗೆ ಯಾಕೆ ಬಂದರು ಎಂಬುದಕ್ಕೆ ಉತ್ತರ ಪಹಣಿಯಲ್ಲಿದೆ. ಹೊಲ ಅವನ ಹೆಸರಿಗೆ, ಸಾಲ ಇವಳ ಹೆಸರಿಗೆ.

ನನ್ನ ತಂಗಿಗೆ ಆ ಒಂದೂವರೆ ಎಕರೆ ನೀರಾವರಿ ಗದ್ದೆ ಇದ್ದಿದ್ದರೆ ಇದಿಷ್ಟೂ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಮುಕ್ಕಾಲು ಪಾಲು ತಪ್ಪುತ್ತಿತ್ತು ಎಂದು ಖಂಡಿತ ಹೇಳಬಲ್ಲೆ.

ಊರಲ್ಲಿ ಈ ಮಾತೆತ್ತಿದಾಗ ಕೇಳಿಬರುವ ಆಕ್ಷೇಪಣೆಗಳೆಲ್ಲ ನನಗೆ ಬಾಯಿಪಾಠ. ಒಂದು ಕಾಲದಲ್ಲಿ ಅವನ್ನು ನಾನೇ ಹೇಳುತ್ತಿದ್ದೆ. ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ ಎನ್ನುತ್ತಾರೆ. ನನ್ನ ಮದುವೆಗೂ ಅಪ್ಪ ಖರ್ಚು ಮಾಡಿದ್ದರು. ಅದನ್ನು ಯಾರೂ ನನ್ನ ಪಾಲಿನಲ್ಲಿ ಮುರಿದುಕೊಳ್ಳಲಿಲ್ಲ. ಹೊಲ ಚೂರುಚೂರಾಗುತ್ತದೆ ಎನ್ನುತ್ತಾರೆ. ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡರೆ ಅದು ಮನೆತನದ ಹಂಚಿಕೆ, ಒಬ್ಬ ತಂಗಿ ಬಂದರೆ ಹೊಲ ಚೂರು! ಅಳಿಯ ಬಂದು ಕೂರುತ್ತಾನೆ ಎಂಬ ಭಯ ಮಾತ್ರ ಪೂರ್ತಿ ಸುಳ್ಳಲ್ಲ. ಹೆಂಡತಿಯ ಪಾಲನ್ನು ಮಾರಿಸಿ ಕುಡಿದು ಮುಗಿಸಿದ ಗಂಡಂದಿರನ್ನು ನಾನು ಕಂಡಿದ್ದೇನೆ. ಆದರೆ ತನ್ನ ಪಾಲನ್ನೇ ಮಾರಿ ಕುಡಿದು ಮುಗಿಸಿದ ಗಂಡುಮಕ್ಕಳನ್ನು ಅದಕ್ಕಿಂತ ಹೆಚ್ಚು ಕಂಡಿದ್ದೇನೆ. ಅವರು ಕುಡಿಯುತ್ತಾರೆಂದು ಯಾವ ತಹಶೀಲ್ದಾರರೂ ಅವರ ಹೆಸರನ್ನು ಪಹಣಿಯಿಂದ ತೆಗೆಯಲಿಲ್ಲ.

ಮುಪ್ಪಿನಲ್ಲಿ ತಾಯಿತಂದೆಯನ್ನು ನೋಡಿಕೊಂಡವನಿಗೆ ಹೆಚ್ಚು ಸಿಗಬೇಡವೇ ಎಂಬ ಮಾತಿಗೆ ತೂಕವಿದೆ. ಅದಕ್ಕೆ ನಾನು ಬಹಳ ದಿನ ಆತುಕೊಂಡಿದ್ದೆ. ಅವ್ವ ನನ್ನ ಮನೆಯಲ್ಲಿಯೇ ಹಾಸಿಗೆ ಹಿಡಿದು ಎರಡು ವರ್ಷ ಇದ್ದು ಹೋದಳು. ಆ ಎರಡು ವರ್ಷ ಅವಳ ಮಲಮೂತ್ರ ತೆಗೆದವಳು, ತಲೆ ಬಾಚಿದವಳು, ರಾತ್ರಿ ಕೂಗಿದಾಗ ಎದ್ದವಳು ನನ್ನ ಹೆಂಡತಿ. ನಾನು ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹೇಗಿದ್ದೀಯವ್ವಾ ಎಂದು ಕೇಳುತ್ತಿದ್ದೆ. ಸೇವೆಗೆ ಪಾಲು ಎಂದಾದರೆ ಆ ಪಾಲು ಅವಳದು. ಅವಳ ಹೆಸರೂ ಯಾವ ಕಾಲಮ್ಮಿನಲ್ಲಿಯೂ ಇಲ್ಲ.

ಮಾನ್ಯರೇ, ಸತ್ತವರ ಹೆಸರಿನಲ್ಲಿಯೇ ಉಳಿದುಕೊಂಡಿರುವ ಪಹಣಿಗಳನ್ನು ಸರಿಪಡಿಸಲು ಪೌತಿ ಖಾತೆಯ ಕೆಲಸವನ್ನು ಇಲಾಖೆ ಈಗ ಚುರುಕುಗೊಳಿಸಿದೆ. ನನಗೆ ಅದರ ಬಗ್ಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ಬೇಗ ಮುಗಿಸುವ ಭರದಲ್ಲಿ ಸಾವಿರಾರು ತಂಗಿಯರ ಹೆಸರು ಒಮ್ಮೆಗೇ ಅಳಿಸಿಹೋಗಬಹುದು. ಅದು ಎಲ್ಲಿ ಅಳಿಯುತ್ತದೆ ಎಂದು ಬಲ್ಲವನಾಗಿ ಹೇಳುತ್ತೇನೆ. ಮೊದಲನೆಯದು ವಂಶವೃಕ್ಷದಲ್ಲಿ. ಮಕ್ಕಳೆಷ್ಟು ಎಂದು ಕೇಳಿದರೆ ನಮ್ಮ ಊರಿನ ಮುದುಕ ಗಂಡುಮಕ್ಕಳನ್ನಷ್ಟೇ ಎಣಿಸಿ ಇಬ್ಬರು ಎನ್ನುತ್ತಾನೆ. ಹೆಣ್ಣುಮಕ್ಕಳೆಷ್ಟು, ಎಲ್ಲಿಗೆ ಕೊಟ್ಟಿದ್ದೀರಿ ಎಂದು ಬೇರೆಯಾಗಿಯೇ ಕೇಳಬೇಕು. ಓಣಿಯ ಇಬ್ಬರು ಹೆಂಗಸರನ್ನು ಕರೆದು ಕೇಳಿದರೆ ಇನ್ನೂ ಒಳ್ಳೆಯದು, ಅವರಿಗೆ ಎಲ್ಲರ ಬಾಣಂತನದ ಲೆಕ್ಕವೂ ಗೊತ್ತಿರುತ್ತದೆ. ಎರಡನೆಯದು ನೋಟಿಸಿನಲ್ಲಿ. ತಕರಾರು ಇದ್ದರೆ ಸಲ್ಲಿಸಿ ಎಂಬ ಹಾಳೆಯನ್ನು ಚಾವಡಿಯ ಗೋಡೆಗೆ ಅಂಟಿಸಿದರೆ ನಿಮ್ಮ ಕಡತಕ್ಕೆ ಸಾಕಾಗಬಹುದು. ಮಾನ್ವಿಯಲ್ಲಿ ಹುಟ್ಟಿ ಕುಷ್ಟಗಿಗೆ ಕೊಟ್ಟ ಹೆಣ್ಣು ಆ ಗೋಡೆಯನ್ನು ಯಾವಾಗ ಓದಬೇಕು? ಗೃಹಲಕ್ಷ್ಮಿಯ ಹಣಕ್ಕಾಗಿ ಅವಳ ಮೊಬೈಲ್ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆ ಎಲ್ಲವೂ ಸರ್ಕಾರದ ಬಳಿ ಇವೆ. ನಿನ್ನ ತಂದೆಯ ಇಂಥ ಸರ್ವೆ ನಂಬರಿನಲ್ಲಿ ನಿನಗೆ ಇಷ್ಟು ಪಾಲು ಇದೆ ಎಂಬ ಒಂದು ಸಂದೇಶ ಕನ್ನಡದಲ್ಲಿ ಹೋಗಲಿ.

ಮೂರನೆಯದು ಹಕ್ಕು ಬಿಡುಗಡೆ ಪತ್ರ, ಎಲ್ಲಕ್ಕಿಂತ ದೊಡ್ಡದು. ಬಿಟ್ಟುಕೊಡುವುದು ಕಾನೂನುಬಾಹಿರವೇನಲ್ಲ, ಅದನ್ನು ನಿಷೇಧಿಸಿ ಎಂದು ನಾನು ಕೇಳುವುದಿಲ್ಲ. ಸಹಿಗೆ ಮೊದಲು ಆ ಹೆಣ್ಣುಮಗಳನ್ನು ಒಬ್ಬಳನ್ನೇ, ಅಣ್ಣತಮ್ಮಂದಿರನ್ನೂ ಗಂಡನನ್ನೂ ಹೊರಗೆ ನಿಲ್ಲಿಸಿ, ಒಳಗೆ ಕೂರಿಸಿ. ಪತ್ರವನ್ನು ಓದಿ ಹೇಳಿ. ಎಕರೆ, ಗುಂಟೆ ಹೇಳಿ. ನಿಮ್ಮದೇ ಮಾರ್ಗಸೂಚಿ ದರದ ಪುಸ್ತಕ ತೆರೆದು, ನೀನು ಬಿಟ್ಟುಕೊಡುತ್ತಿರುವುದು ಇಷ್ಟು ಲಕ್ಷದ ಆಸ್ತಿ ಎಂದು ರೂಪಾಯಿಯಲ್ಲಿ ಹೇಳಿ. ಹತ್ತು ನಿಮಿಷದ ಕೆಲಸ. 2008ರಲ್ಲಿ ನಮ್ಮನ್ನು ಹೊರಗೆ ನಿಲ್ಲಿಸಿದ್ದರೆ ನನಗೆ ಬಹಳ ಸಿಟ್ಟು ಬರುತ್ತಿತ್ತು. ಬರಬೇಕಾಗಿತ್ತು.

ಗುತ್ತಿಗೆಗೆ ಹಿಡಿದು ಬೆಳೆಯುವ ಹೆಂಗಸರದು ಇನ್ನೂ ಕಗ್ಗಂಟು. ಹೊಲ ಕೈತಪ್ಪೀತೆಂದು ಮಾಲೀಕರು ಸಾಗುವಳಿಯ ಕಾಲಮ್ಮಿನಲ್ಲಿ ಬೇರೆ ಹೆಸರು ಬರಲು ಬಿಡುವುದಿಲ್ಲ. ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರು 2012ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯಲ್ಲಿ ಇದಕ್ಕೊಂದು ದಾರಿ ಇತ್ತು. ಭೂಮಿಯ ಒಡೆತನ ಇರಲಿ ಬಿಡಲಿ, ಬೇಸಾಯ ಮಾಡುವ ಹೆಂಗಸಿಗೆ ರೈತ ಮಹಿಳೆ ಎಂಬ ಪ್ರಮಾಣಪತ್ರ ಕೊಡುವುದು. ಮಸೂದೆ ಮರುವರ್ಷವೇ ಬಿದ್ದುಹೋಯಿತು. ದೆಹಲಿಯಲ್ಲಿ ಬಿದ್ದದ್ದನ್ನು ಜಿಲ್ಲಾಧಿಕಾರಿ ಎತ್ತಲಾರರು, ಗೊತ್ತು. ಬೆಳೆ ಸಮೀಕ್ಷೆಗೆ ಹೊಲಕ್ಕೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆಯುವವರು ಅಲ್ಲಿ ಯಾರು ದುಡಿಯುತ್ತಿದ್ದಾರೆ ಎಂದು ಒಂದು ಮಾತು ಕೇಳಿ ಬರೆದುಕೊಳ್ಳುವುದಕ್ಕೆ ಸಂಸತ್ತಿನ ಅಪ್ಪಣೆ ಬೇಕಾಗಿಲ್ಲ.

ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ರೈತ ಮಹಿಳೆಯ ವರ್ಷವೆಂದು ಸಾರಿದೆ. ಜಿಲ್ಲಾ ಕೇಂದ್ರದಲ್ಲಿ ಕಾರ್ಯಕ್ರಮ ಮಾಡಿದರೆ ಶಾಲು, ಹಾರ, ನೆನಪಿನ ಕಾಣಿಕೆ ಇರುತ್ತವೆ. ಹಿಂದಿನ ಸಾಲಿನಲ್ಲಿ ಅಂದಿನ ಕೂಲಿ ಬಿಟ್ಟು ಬಂದ ಹೆಂಗಸರು ಕುಳಿತಿರುತ್ತಾರೆ. ಆ ಶಾಲು ಬೇಡ. ಜಿಲ್ಲೆಯ ಎಷ್ಟು ಪಹಣಿಗಳಲ್ಲಿ ಹೆಣ್ಣಿನ ಹೆಸರಿದೆ, ಈ ವರ್ಷ ಎಷ್ಟು ಹಕ್ಕು ಬಿಡುಗಡೆ ಪತ್ರ ನೋಂದಣಿಯಾದವು, ಅವುಗಳಲ್ಲಿ ಬಿಟ್ಟುಕೊಟ್ಟವರು ಹೆಂಗಸರೆಷ್ಟು, ಗಂಡಸರೆಷ್ಟು ಎಂಬ ಪಟ್ಟಿಯನ್ನು ತಾಲ್ಲೂಕುವಾರು ಅಚ್ಚು ಮಾಡಿ ಕಚೇರಿಯ ಬಾಗಿಲಿಗೆ ಹಾಕಿ. ದಾಖಲೆಯೆಲ್ಲ ಕಂಪ್ಯೂಟರಿನಲ್ಲಿದೆ.

ನನ್ನ ಕಥೆಯ ಉಳಿದ ಭಾಗ. ಕಳೆದ ವರ್ಷ ಪಂಚಮಿಗೆ ಬಂದಾಗ ದೊಡ್ಡ ತಂಗಿಗೆ ಹೇಳಿದೆ: ನಿನ್ನ ಒಂದೂವರೆ ಎಕರೆಯನ್ನು ನನ್ನ ಪಾಲಿನಿಂದ ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಣ್ಣ, ಮುಂದಿನ ಪಂಚಮಿಗೆ ಕರೆಯಲು ಬರುತ್ತೀಯಲ್ಲ?" ಎಂದಳು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಅವರು ಬರದಿದ್ದರೆ ನಾನು ಬರುತ್ತೇನೆ" ಎಂದಳು. ತಮ್ಮ ನನ್ನೊಡನೆ ಮಾತು ಬಿಟ್ಟಿದ್ದಾನೆ. ನನ್ನ ದೊಡ್ಡ ಮಗ ಮುಖ ಊದಿಸಿಕೊಂಡಿದ್ದಾನೆ. ಅಕ್ಕನದೂ ಚಿಕ್ಕ ತಂಗಿಯದೂ ಇನ್ನೂ ಬಾಕಿ ಇದೆ. ನನ್ನೊಬ್ಬನ ಪಾಲಿನಿಂದ ಎಲ್ಲವೂ ತೀರುವಂಥದ್ದಲ್ಲ.

ದಾನಪತ್ರದ ಕಾಗದಗಳನ್ನು ಹಿಡಿದು ನೋಂದಣಿ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಹೊಸಬರು, ಮರ್ಯಾದೆಯಿಂದಲೇ ಮಾತನಾಡಿಸಿದರು. ಕಾಗದಗಳನ್ನು ತಿರುವಿ ಹಾಕಿ, ತಂಗಿಗೇ ಕೊಡುತ್ತಿದ್ದೀರಾ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹೊಲ ನನ್ನ ಹೆಸರಿನಲ್ಲಿ ಇತ್ತು, ಕೊಡುವವನು ನಾನು ಎದುರಿಗೇ ನಿಂತಿದ್ದೆ. ಆದರೂ ಕನ್ನಡಕ ತೆಗೆದು, ದನಿ ತಗ್ಗಿಸಿ ಕೇಳಿದರು: "ಮೇಷ್ಟ್ರೇ, ನಿಮ್ಮ ಗಂಡುಮಕ್ಕಳು ಇದಕ್ಕೆ ಮನಸಾರೆ ಒಪ್ಪಿದ್ದಾರೆಯೇ? ಒಮ್ಮೆ ಅವರನ್ನೂ ಕರೆದುಕೊಂಡು ಬನ್ನಿ, ಕೇಳಿಬಿಡೋಣ."

ಇಂತಿ,
ನಿವೃತ್ತ ಶಾಲಾ ಶಿಕ್ಷಕ, ರಾಯಚೂರು ಜಿಲ್ಲೆ